ಸ್ಪಿನ್‌ಕಾಸ್ಟ್ ರೀಲುಗಳನ್ನು ಹೋಲಿಸಿ ನೋಡುವ ಬಗೆ: ಕಾಸರಗೋಡಿನ ಹೊಳೆಬದಿಯವರಿಗೊಂದು ಕೈಪಿಡಿ

ಮಂಜೇಶ್ವರದಿಂದ ಚಂದ್ರಗಿರಿಯವರೆಗಿನ ಹೊಳೆಬದಿಗಳಲ್ಲಿ ಗಾಳ ಹಾಕುವವರ ಕೈಯಲ್ಲಿ ಈಗ ಹೆಚ್ಚಾಗಿ ಕಾಣುವುದು ನೂಲು ಹೊರಗೆ ಕಾಣುವ ಸ್ಪಿನ್ನಿಂಗ್ ರೀಲು. ಹೆಬ್ಬೆರಳಿನಿಂದ ಗುಂಡಿ ಒತ್ತಿ ಎಸೆಯುವ, ಮುಂಭಾಗಕ್ಕೆ ಮುಚ್ಚಳವಿರುವ ಸ್ಪಿನ್‌ಕಾಸ್ಟ್ ರೀಲು ಇಲ್ಲಿನ ಅಂಗಡಿಗಳಲ್ಲಿ ಅಪರೂಪ. ಅದು ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿಯೋ ಆನ್‌ಲೈನ್ ಖರೀದಿಯ ಮೂಲಕವೋ ಮನೆ ಸೇರುತ್ತದೆ. ಹೀಗಾಗಿ ಕೊಳ್ಳುವ ಮೊದಲು ಎರಡು ರೀಲುಗಳನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಅವಕಾಶ ಹೆಚ್ಚಿನವರಿಗೆ ಸಿಗುವುದಿಲ್ಲ, ಡಬ್ಬಿಯ ಮೇಲೆ ಅಚ್ಚಾದ ಬೇರಿಂಗುಗಳ ಸಂಖ್ಯೆ ಮತ್ತು ಗಿಯರ್ ಅನುಪಾತವನ್ನೇ ನಂಬಬೇಕಾಗುತ್ತದೆ. ಆ ಎರಡು ಅಂಕೆಗಳು ಹೇಳುವುದು ಕಡಿಮೆ. ಗೆಳೆಯರಲ್ಲಿ ಇರುವ ಎರಡು ಮೂರು ರೀಲುಗಳನ್ನು ಒಂದು ಮಧ್ಯಾಹ್ನ ಒಟ್ಟಿಗೆ ಇಟ್ಟುಕೊಂಡು, ಒಂದು ಅಳತೆಪಟ್ಟಿ ಮತ್ತು ಮೀನು ತೂಗುವ ಒಂದು ಸ್ಪ್ರಿಂಗ್ ತಕ್ಕಡಿಯ ಸಹಾಯದಿಂದ ಪರೀಕ್ಷಿಸಿದರೆ ಅದಕ್ಕಿಂತ ಎಷ್ಟೋ ಹೆಚ್ಚು ತಿಳಿಯುತ್ತದೆ.

ಮೊದಲು ಒಳಗಿನ ರಚನೆಯನ್ನು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಕೈಗೆ ಸಿಗುವ ಅನುಭವವೆಲ್ಲ ಅಲ್ಲಿಂದಲೇ ಬರುತ್ತದೆ. ಈ ರೀಲಿನಲ್ಲಿ ಎಸೆಯುವಾಗಲೂ ಸುತ್ತುವಾಗಲೂ ನೂಲಿನ ಉರುಳೆ ತಿರುಗುವುದಿಲ್ಲ. ಅದರ ಮುಂದೆ ಬಟ್ಟಲಿನಾಕಾರದ ಒಂದು ತಿರುಗುತಲೆ ಇರುತ್ತದೆ. ಹಿಡಿಕೆಯನ್ನು ತಿರುಗಿಸಿದಾಗ ಆ ತಲೆಯ ಅಂಚಿನಿಂದ ಹೊರಚಾಚುವ ಸಣ್ಣ ಪಿನ್ನು ನೂಲನ್ನು ಹಿಡಿದು ಉರುಳೆಗೆ ಸುತ್ತುತ್ತದೆ. ಗುಂಡಿಯನ್ನು ಒತ್ತಿದಾಗ ಇಡೀ ತಲೆ ಮುಂದಕ್ಕೆ ಸರಿದು, ಪಿನ್ನು ಒಳಸೇರಿ, ನೂಲು ಮುಚ್ಚಳದ ಒಳಗೋಡೆಗೂ ತಲೆಗೂ ನಡುವೆ ಸಿಕ್ಕಿ ನಿಲ್ಲುತ್ತದೆ. ಗುಂಡಿಯನ್ನು ಬಿಟ್ಟಾಗ ತಲೆ ಹಿಂದೆ ಸರಿದು ನೂಲು ಬಿಡುಗಡೆಯಾಗುತ್ತದೆ ಮತ್ತು ಮುಚ್ಚಳದ ಮೂತಿಯಲ್ಲಿರುವ ತೂತಿನ ಮೂಲಕ ಹೊರಗೆ ಹರಿಯುತ್ತದೆ. ಎಸೆತದ ನಂತರ ಹಿಡಿಕೆಯನ್ನು ತಿರುಗಿಸಿದೊಡನೆ ಪಿನ್ನು ಮತ್ತೆ ಹೊರಬರುತ್ತದೆ. ಈ ಸರಳತೆಯಲ್ಲಿಯೇ ಅದರ ಗುಣವೂ ದೋಷವೂ ಇವೆ: ನೂಲು ಗಾಳಿಗೆ ಹಾರಿ ಗೋಜಲಾಗುವುದು ಕಡಿಮೆ, ಆದರೆ ಉರುಳೆಯಿಂದ ಸುರುಳಿಯಾಗಿ ಬಿಚ್ಚಿಕೊಳ್ಳುವ ನೂಲು ಮುಚ್ಚಳಕ್ಕೂ ಕಿರಿದಾದ ತೂತಿಗೂ ಉಜ್ಜಿಕೊಂಡು ಹೋಗುವುದರಿಂದ ಎಸೆತದ ದೂರ ಸ್ಪಿನ್ನಿಂಗ್ ರೀಲಿಗಿಂತ ಸ್ವಲ್ಪ ಕುಗ್ಗುತ್ತದೆ.

ಈ ಬಗೆಯ ರೀಲನ್ನು ಜನಸಾಮಾನ್ಯರದ್ದಾಗಿ ಮಾಡಿದ್ದು ಅಮೆರಿಕದ ಓಕ್ಲಹೋಮಾ ರಾಜ್ಯದ ಟಲ್ಸಾ ಪಟ್ಟಣದ ಝೀರೋ ಅವರ್ ಬಾಂಬ್ ಕಂಪನಿ. ತೈಲಬಾವಿಗಳ ಕೆಲಸಕ್ಕೆ ಬೇಕಾದ ಸಮಯಬಾಂಬುಗಳನ್ನು ಮಾಡುತ್ತಿದ್ದ ಆ ಸಂಸ್ಥೆಗೆ ಆರ್. ಡಿ. ಹಲ್ ಎಂಬ ಗಡಿಯಾರ ರಿಪೇರಿಯವರು 1947ರಲ್ಲಿ ತಮ್ಮ ರೀಲಿನ ಕಲ್ಪನೆಯನ್ನು ಒಯ್ದರು. 1949ರಲ್ಲಿ ಮೊದಲ ರೀಲು ಮಾರುಕಟ್ಟೆಗೆ ಬಂದಿತು ಮತ್ತು ಸಂಸ್ಥೆಯ ಹೆಸರಿನ ಮೊದಲಕ್ಷರಗಳಿಂದಲೇ ಝೆಬ್ಕೊ ಎಂಬ ಹೆಸರು ಹುಟ್ಟಿತು. 1954ರಲ್ಲಿ ಬಂದ ಝೆಬ್ಕೊ 33 ಇಂದಿಗೂ ಮಾರಾಟದಲ್ಲಿದೆ. ಹೋಲಿಕೆಗೆ ಒಂದು ಮಾನದಂಡ ಬೇಕೆನ್ನುವವರಿಗೆ ಅದೇ ಅನುಕೂಲ, ಏಕೆಂದರೆ ಹೊಸ ಮಾದರಿಗಳನ್ನು ಹೊಗಳುವವರೂ ತೆಗಳುವವರೂ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಹೆಚ್ಚಾಗಿ ಅದನ್ನೇ.

ಹೋಲಿಕೆಗೆ ಮುನ್ನ

ಸ್ಪಿನ್‌ಕಾಸ್ಟ್ ರೀಲುಗಳಲ್ಲಿ ಹೆಚ್ಚಿನವು ಕಾರ್ಖಾನೆಯಲ್ಲಿಯೇ ನೂಲು ಸುತ್ತಿಕೊಂಡು ಬರುತ್ತವೆ. ಆ ನೂಲನ್ನು ಹಾಗೆಯೇ ಇಟ್ಟುಕೊಂಡು ಎರಡು ರೀಲುಗಳನ್ನು ಹೋಲಿಸುವುದು ವ್ಯರ್ಥ. ಡಬ್ಬಿಯೊಳಗೆ ಬಹುಕಾಲ ಕುಳಿತ ನೈಲಾನ್ ನೂಲು ಉರುಳೆಯ ಸುರುಳಿಯನ್ನೇ ತನ್ನ ಆಕಾರವಾಗಿ ಉಳಿಸಿಕೊಳ್ಳುತ್ತದೆ. ಒಂದು ರೀಲಿನ ನೂಲು ದಪ್ಪ, ಇನ್ನೊಂದರದ್ದು ತೆಳು ಎಂದಾದರೆ ಎಸೆತದಲ್ಲಿ ಕಾಣುವ ಅಂತರ ರೀಲಿನದ್ದೋ ನೂಲಿನದ್ದೋ ಎಂದು ಹೇಳಲು ಬರುವುದಿಲ್ಲ. ಆದ್ದರಿಂದ ಎಲ್ಲ ರೀಲುಗಳ ನೂಲನ್ನೂ ಬಿಚ್ಚಿ, ಒಂದೇ ಕಂಪನಿಯ, ಒಂದೇ ದಪ್ಪದ ಹೊಸ ನೈಲಾನ್ ನೂಲನ್ನು ಸುತ್ತಬೇಕು. ಸಾಮಾನ್ಯ ಗಾತ್ರದ ರೀಲಿಗೆ 8ರಿಂದ 10 ಪೌಂಡು, ಅಂದರೆ ಸುಮಾರು ಮೂರೂವರೆಯಿಂದ ನಾಲ್ಕೂವರೆ ಕಿಲೋ ತಡೆಯುವ ನೂಲು ಸರಿಹೊಂದುತ್ತದೆ. ಹೆಣೆದ ನೂಲು, ಅಂದರೆ ಬ್ರೇಡ್, ಈಗ ಎಲ್ಲರಿಗೂ ಪ್ರಿಯವಾಗಿದ್ದರೂ ಈ ಪರೀಕ್ಷೆಗೆ ಬೇಡ. ಅದು ನುಣುಪಾದ ಉರುಳೆಯ ಮೇಲೆ ಜಾರುತ್ತದೆ, ಮೆದು ಲೋಹದ ಪಿನ್ನನ್ನು ಸವೆಸುತ್ತದೆ, ಸಡಿಲವಾದಾಗ ತಿರುಗುತಲೆಯ ಹಿಂದೆ ಸಿಕ್ಕಿಕೊಳ್ಳುತ್ತದೆ.

ನೂಲು ಸುತ್ತುವಾಗ ಬೆರಳುಗಳ ನಡುವೆ ಒದ್ದೆ ಬಟ್ಟೆಯಿಂದ ಹಿಡಿದು ಸಮನಾದ ಬಿಗಿತ ಕೊಡಬೇಕು ಮತ್ತು ಉರುಳೆಯ ಅಂಚಿಗಿಂತ ಸುಮಾರು ಮೂರು ಮಿಲಿಮೀಟರು ಕೆಳಗೆ ನಿಲ್ಲಿಸಬೇಕು. ಕಡಿಮೆ ಸುತ್ತಿದರೆ ಎಸೆತ ಕುಗ್ಗುತ್ತದೆ. ಹೆಚ್ಚು ಸುತ್ತಿದರೆ ನೂಲು ಒಮ್ಮೆಗೇ ಕಂತೆಯಾಗಿ ಹೊರಬಂದು ಮೂತಿಯಲ್ಲಿ ಸಿಲುಕುತ್ತದೆ. ಕೋಲು ಒಂದೇ ಇರಲಿ. ಗುಂಡಿ ಮೇಲಿರುವ ರೀಲುಗಳಿಗೆ ಆರಡಿಯ, ಬೆರಳಿಗೆ ಕೊಕ್ಕೆಯಿರುವ ಕಾಸ್ಟಿಂಗ್ ಕೋಲು ಸರಿ. ಕೋಲಿನ ಕೆಳಗೆ ತೂಗಿಬಿದ್ದು, ಗುಂಡಿಯ ಬದಲು ತೋರುಬೆರಳಿನಿಂದ ಎಳೆಯುವ ಸನ್ನೆಯಿರುವ ಅಂಡರ್‌ಸ್ಪಿನ್ ರೀಲುಗಳಿಗೆ ಸ್ಪಿನ್ನಿಂಗ್ ಕೋಲು ಬೇಕು, ಆದ್ದರಿಂದ ಅವುಗಳನ್ನು ಗುಂಡಿ ರೀಲುಗಳ ಜೊತೆ ದೂರದ ಲೆಕ್ಕದಲ್ಲಿ ನೇರವಾಗಿ ಹೋಲಿಸದಿರುವುದೇ ಒಳ್ಳೆಯದು.

ಮೇಜಿನ ಮೇಲಿನ ಪರೀಕ್ಷೆಗಳು

ಮೊದಲಿಗೆ ಮುಚ್ಚಳವನ್ನು ತಿರುಗಿಸಿ ತೆಗೆದು ಒಳಗೆ ನೋಡಬೇಕು. ಪಿನ್ನುಗಳು ಎಷ್ಟಿವೆ, ಯಾವುದರಿಂದ ಮಾಡಿದ್ದಾರೆ ಎಂಬುದು ನನ್ನ ಅಭಿಪ್ರಾಯದಲ್ಲಿ ಬೇರಿಂಗುಗಳ ಸಂಖ್ಯೆಗಿಂತ ಮುಖ್ಯ. ಅಗ್ಗದ ರೀಲುಗಳಲ್ಲಿ ಲೋಹದ ಒಂದೇ ಪಿನ್ನು ಇರುತ್ತದೆ. ಉತ್ತಮ ರೀಲುಗಳಲ್ಲಿ ಎರಡು ಅಥವಾ ಮೂರು. ಝೆಬ್ಕೊದ ಒಮೇಗಾ ಸಾಲಿನಲ್ಲಿ ಸೆರಾಮಿಕ್ ಪಿನ್ನುಗಳಿವೆ, ಅವು ನೂಲಿನ ಉಜ್ಜಾಟಕ್ಕೆ ಲೋಹಕ್ಕಿಂತ ಚೆನ್ನಾಗಿ ತಡೆಯುತ್ತವೆ. ಪಿನ್ನಿನ ಸಂಖ್ಯೆಗೆ ಏಕಿಷ್ಟು ಮಹತ್ವ ಎಂಬುದನ್ನು ಲೆಕ್ಕ ಹಾಕಿ ತೋರಿಸಬಹುದು. ಗಿಯರ್ ಅನುಪಾತ 3.6ಕ್ಕೆ 1 ಎಂದರೆ ಹಿಡಿಕೆಯ ಒಂದು ಸುತ್ತಿಗೆ ತಲೆ ಮೂರೂವರೆ ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ, ಅಂದರೆ ತಲೆಯ ಒಂದು ಪೂರ್ಣ ಸುತ್ತಿಗೆ ಹಿಡಿಕೆ 100 ಡಿಗ್ರಿ ತಿರುಗಬೇಕು. ಒಂದೇ ಪಿನ್ನು ಹೊರಬಂದ ಮೇಲೆ ನೂಲನ್ನು ತಲುಪಲು, ಅದೃಷ್ಟ ಕೆಟ್ಟಿದ್ದರೆ, ಆ 100 ಡಿಗ್ರಿಯಷ್ಟೂ ಖಾಲಿ ತಿರುಗಬೇಕಾಗಬಹುದು. ಎದುರುಬದುರಾಗಿ ಎರಡು ಪಿನ್ನುಗಳಿದ್ದರೆ 50 ಡಿಗ್ರಿಗೆ ಮುಗಿಯುತ್ತದೆ. ಗಾಳ ನೀರಿಗೆ ಬಿದ್ದ ಕ್ಷಣದಲ್ಲಿಯೇ ಮಡೆಂಜಿ ಮೀನು ಬಾಯಿ ಹಾಕಿದಾಗ ಈ ಅಂತರದ ಅರ್ಥ ತಿಳಿಯುತ್ತದೆ. ಪರೀಕ್ಷಿಸುವುದು ಸುಲಭ: ಮುಚ್ಚಳ ಹಾಕಿ, ಗುಂಡಿ ಒತ್ತಿ ಬಿಟ್ಟು, ನೂಲನ್ನು ಎಡಗೈಯಲ್ಲಿ ಹಗುರವಾಗಿ ಹಿಡಿದು, ಹಿಡಿಕೆಯನ್ನು ನಿಧಾನವಾಗಿ ತಿರುಗಿಸುತ್ತ ನೂಲು ಬಿಗಿಯಾಗುವ ಜಾಗವನ್ನು ಗಮನಿಸಬೇಕು. ಒಂದು ಸಲ ನೋಡಿದರೆ ಸಾಲದು; ಹಲವು ಸಲ ಮಾಡಿ, ಅತಿ ತಡವಾದ ಸಂದರ್ಭವನ್ನು ಬರೆದಿಟ್ಟುಕೊಳ್ಳಬೇಕು, ಏಕೆಂದರೆ ಮೀನನ್ನು ಕಳೆದುಕೊಳ್ಳುವಂತೆ ಮಾಡುವುದು ಸರಾಸರಿಯಲ್ಲ, ಆ ಒಂದು ತಡ.

ಮುಚ್ಚಳ ತೆಗೆದಿರುವಾಗಲೇ ಮೂತಿಯ ಉಂಗುರದೊಳಗೆ ಸ್ವಲ್ಪ ಹತ್ತಿಯನ್ನು ತೂರಿಸಿ ಸುತ್ತಲೂ ಉಜ್ಜಬೇಕು. ಎಲ್ಲಿಯಾದರೂ ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಇದೆ, ಅದು ನೂಲನ್ನು ಕೊಯ್ಯುತ್ತದೆ. ಉರುಳೆಯ ನಡವಳಿಕೆಯನ್ನೂ ನೋಡಿ: ಡೈವಾ ಗೋಲ್ಡ್‌ಕಾಸ್ಟ್‌ನಂತಹ ಕೆಲವು ರೀಲುಗಳಲ್ಲಿ ಸುತ್ತುವಾಗ ಉರುಳೆ ಹಿಂದೆ ಮುಂದೆ ಚಲಿಸುವುದರಿಂದ ನೂಲು ಸಮನಾಗಿ ಹರಡುತ್ತದೆ. ಚಲಿಸದ ಉರುಳೆಯಲ್ಲಿ ನೂಲು ಒಂದೆಡೆ ಗುಡ್ಡೆಯಾಗಿ, ಬಿಗಿಯಾಗಿ ಎಳೆದಾಗ ಮೇಲಿನ ಸುತ್ತು ಕೆಳಗಿನ ಸುತ್ತುಗಳ ನಡುವೆ ಹೂತುಹೋಗುವ ಸಾಧ್ಯತೆ ಹೆಚ್ಚು.

ಗುಂಡಿಯನ್ನು ಪರೀಕ್ಷಿಸಲು 7 ಗ್ರಾಂ ಮತ್ತು 15 ಗ್ರಾಂ ತೂಕದ ಎರಡು ಸೀಸದ ಗುಂಡುಗಳು ಬೇಕು. ಕೋಲಿನ ತುದಿಯಿಂದ ಒಂದನ್ನು ನೇತುಬಿಟ್ಟು, ಗುಂಡಿಯನ್ನು ಪೂರ್ತಿ ಒತ್ತಿ ಹಿಡಿದು, ಎಸೆಯುವ ಮುನ್ನ ಬೀಸುವಂತೆ ಕೋಲನ್ನು ಹಿಂದೆ ಮುಂದೆ ಆಡಿಸಿ. ಗುಂಡು ಕೆಳಗೆ ಜಾರಿದರೆ ತಲೆ ನೂಲನ್ನು ಸರಿಯಾಗಿ ಅಮುಕುತ್ತಿಲ್ಲ ಎಂದರ್ಥ. ಅಂಥ ರೀಲಿನಿಂದ ಗುರಿ ಹಿಡಿದು ಎಸೆಯಲು ಆಗುವುದಿಲ್ಲ. ಗುಂಡಿಯ ಚಲನೆ ಎಷ್ಟು ಉದ್ದವಿದೆ, ಒತ್ತಲು ಎಷ್ಟು ಬಲ ಬೇಕು, ಬಿಟ್ಟಾಗ ನೂಲು ಒಮ್ಮೆಗೇ ಬಿಡುಗಡೆಯಾಗುತ್ತದೆಯೋ ಅಥವಾ ಹೆಬ್ಬೆರಳು ಮೇಲೇಳುವಷ್ಟು ಹೊತ್ತು ಅರೆಬರೆ ಹಿಡಿದುಕೊಂಡಿರುತ್ತದೆಯೋ ಎಂಬುದನ್ನು ಕಣ್ಣು ಮುಚ್ಚಿ ಅನುಭವಿಸುವುದು ಒಳ್ಳೆಯದು. ರೀಲು ಮಗುವಿಗಾಗಿ ಎಂದಾದರೆ ಈ ಪರೀಕ್ಷೆಯನ್ನು ಮಗುವಿನ ಕೈಯಿಂದಲೇ ಮಾಡಿಸಬೇಕು. ದೊಡ್ಡವರಿಗೆ ಹಗುರವೆನಿಸಿದ ಗುಂಡಿ ಎಂಟು ವರ್ಷದ ಹೆಬ್ಬೆರಳಿಗೆ ಗಟ್ಟಿಯಾಗಬಹುದು.

ಹಿಡಿಕೆಯ ವಿಷಯದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಒಂದು, ಹಿಂದಕ್ಕೆ ಎಷ್ಟು ಅಲುಗುತ್ತದೆ ಎಂಬುದು. ಒಮ್ಮುಖ ಬೇರಿಂಗ್ ಇರುವ ರೀಲಿನಲ್ಲಿ ಹಿಡಿಕೆ ಹಿಂದಕ್ಕೆ ಕದಲುವುದೇ ಇಲ್ಲ. ಹಲ್ಲುಗಾಲಿ ಮತ್ತು ತಡೆಕೊಕ್ಕೆ ಮಾತ್ರ ಇರುವ ರೀಲಿನಲ್ಲಿ ಮುಂದಿನ ಹಲ್ಲು ಸಿಗುವವರೆಗೆ ಹಿಂದೆ ಜಾರಿ ಟಕ್ಕೆಂದು ನಿಲ್ಲುತ್ತದೆ. ಮೀನು ಕಚ್ಚಿದಾಗ ಕೋಲನ್ನು ಜಗ್ಗುವ ಬಲದಲ್ಲಿ ಒಂದಷ್ಟು ಈ ಸಡಿಲಿನಲ್ಲಿಯೇ ಕಳೆದುಹೋಗುತ್ತದೆ. ಇನ್ನೊಂದು, ಭಾರವಿರುವಾಗ ಹೇಗೆ ತಿರುಗುತ್ತದೆ ಎಂಬುದು. ಖಾಲಿ ರೀಲನ್ನು ತಿರುಗಿಸಿ ನುಣುಪಾಗಿದೆ ಎಂದು ತೀರ್ಮಾನಿಸುವುದು ಅಂಗಡಿಯಲ್ಲಿ ಎಲ್ಲರೂ ಮಾಡುವ ಕೆಲಸ, ಆದರೆ ಅದರಿಂದ ತಿಳಿಯುವುದು ಗ್ರೀಸಿನ ದಪ್ಪ ಮಾತ್ರ. ನೂಲಿನ ತುದಿಗೆ ಅರ್ಧ ಲೀಟರ್ ನೀರು ತುಂಬಿದ ಬಾಟಲಿಯನ್ನು ಕಟ್ಟಿ, ಕೋಲನ್ನು ಅಡ್ಡ ಹಿಡಿದು, ನೆಲದಿಂದ ನಿಧಾನವಾಗಿ ಮೇಲೆತ್ತಿ. ಆಮೇಲೆ ಒಂದು ಲೀಟರಿನ ಬಾಟಲಿಯಿಂದ ಅದನ್ನೇ ಮಾಡಿ. ಪ್ಲಾಸ್ಟಿಕ್ ಗಿಯರಿರುವ ರೀಲಿನ ಮೈ ಈಗ ಕೈಯೊಳಗೆ ತಿರುಚಿದಂತಾಗಿ, ಹಲ್ಲುಗಳು ಒಂದರ ಮೇಲೊಂದು ಏರುವ ಒರಟು ಸದ್ದು ಕೇಳಿಸಬಹುದು. ಲೋಹದ ಗಿಯರ್ ಮತ್ತು ಗಟ್ಟಿಯಾದ ಮೈ ಇರುವ ರೀಲು ಅದೇ ಭಾರವನ್ನು ಹೆಚ್ಚು ತಕರಾರಿಲ್ಲದೆ ಎತ್ತುತ್ತದೆ.

ಒಂದು ಸುತ್ತಿಗೆ ಎಷ್ಟು ನೂಲು ಒಳಬರುತ್ತದೆ ಎಂಬುದನ್ನು ಡಬ್ಬಿಯಿಂದ ಓದುವ ಬದಲು ಅಳೆಯಿರಿ. ಮೂತಿಯ ಬಳಿ ನೂಲಿಗೆ ಶಾಯಿಯ ಗುರುತು ಹಾಕಿ, ಹಿಡಿಕೆಯ ಹತ್ತು ಸುತ್ತಿಗೆ ಆಗುವಷ್ಟು ನೂಲನ್ನು ಹೊರಗೆಳೆದು, ಸುತ್ತಿ, ಉದ್ದವನ್ನು ಹತ್ತರಿಂದ ಭಾಗಿಸಿದರಾಯಿತು. ಗಿಯರ್ ಅನುಪಾತವೊಂದೇ ವೇಗವನ್ನು ಹೇಳುವುದಿಲ್ಲ. ಸುತ್ತುವ ವ್ಯಾಸವೂ ಸೇರಬೇಕು. ನೂಲಿನ ಮಟ್ಟದಲ್ಲಿ ವ್ಯಾಸ ನಾಲ್ಕೂವರೆ ಸೆಂಟಿಮೀಟರಿದ್ದರೆ ಸುತ್ತಳತೆ ಸುಮಾರು 14 ಸೆಂಟಿಮೀಟರು, ಅನುಪಾತ 3.6 ಎಂದಾದರೆ ಒಂದು ಸುತ್ತಿಗೆ 50 ಸೆಂಟಿಮೀಟರು. ಹೆಚ್ಚಿನ ಸ್ಪಿನ್‌ಕಾಸ್ಟ್ ರೀಲುಗಳು ಇದರ ಆಸುಪಾಸಿನಲ್ಲಿವೆ. ಝೆಬ್ಕೊ ಬುಲೆಟ್ 5.1ರ ಅನುಪಾತದಲ್ಲಿ ಸುಮಾರು 75 ಸೆಂಟಿಮೀಟರು ಎಳೆದುಕೊಂಡು ಸಾಮಾನ್ಯ ಸ್ಪಿನ್ನಿಂಗ್ ರೀಲಿಗೆ ಸಮನಾಗಿ ನಿಲ್ಲುತ್ತದೆ. ನೀರಿನ ಮೇಲೆ ಎಳೆಯುವ ಕಪ್ಪೆಯಾಕಾರದ ರಬ್ಬರ್ ಗಾಳಕ್ಕೆ ವೇಗ ಬೇಕು. ಬೆಂಡು ಕಟ್ಟಿ ಎರೆಹುಳು ಹಾಕಿ ಕೂರುವವರಿಗೆ ಅದರಿಂದ ಪ್ರಯೋಜನವಿಲ್ಲ, ನಿಧಾನದ ರೀಲಿನ ಎಳೆತವೇ ಅವರಿಗೆ ಹಿತ.

ಡ್ರ್ಯಾಗ್ ಎಂಬ ಮುಖ್ಯ ವಿಷಯ

ಹೋಲಿಕೆಯ ಅರ್ಧ ಸಮಯವನ್ನು ಇದಕ್ಕೇ ಮೀಸಲಿಟ್ಟರೂ ಹೆಚ್ಚಾಗದು. ಡ್ರ್ಯಾಗ್ ಎಂದರೆ ಮೀನು ಜೋರಾಗಿ ಎಳೆದಾಗ ನೂಲು ತುಂಡಾಗದಂತೆ ನಿಗದಿತ ಬಿಗಿತದಲ್ಲಿ ಜಾರಲು ಬಿಡುವ ವ್ಯವಸ್ಥೆ. ಕೆಲವು ರೀಲುಗಳಲ್ಲಿ ಅದನ್ನು ಮೈಯ ಮೇಲಿನ ಸಣ್ಣ ಚಕ್ರದಿಂದ ಹೊಂದಿಸುತ್ತಾರೆ, ಕೆಲವುಗಳಲ್ಲಿ ಹಿಡಿಕೆಯ ಬುಡದಲ್ಲಿರುವ ನಕ್ಷತ್ರದಾಕಾರದ ತಿರುಪಿನಿಂದ. ನಕ್ಷತ್ರದ ತಿರುಪನ್ನು ಮೀನು ಎಳೆಯುತ್ತಿರುವಾಗಲೂ ಹುಡುಕದೆ ತಿರುಗಿಸಬಹುದು ಎಂಬುದು ಅದರ ಅನುಕೂಲ.

ಗರಿಷ್ಠ ಬಿಗಿತ ಎಷ್ಟು ಎಂಬುದಕ್ಕಿಂತ ಜಾರಲು ಆರಂಭಿಸುವ ಬಲಕ್ಕೂ ಜಾರುತ್ತಿರುವಾಗಿನ ಬಲಕ್ಕೂ ಇರುವ ಅಂತರವೇ ಮುಖ್ಯ. ನೂಲಿನ ತಾಕತ್ತಿನ ಕಾಲುಭಾಗಕ್ಕೆ ಡ್ರ್ಯಾಗ್ ಹೊಂದಿಸುವುದು ವಾಡಿಕೆ. ನಾಲ್ಕೂವರೆ ಕಿಲೋ ನೂಲಿಗೆ ಅದು 1.1 ಕಿಲೋ ಆಗುತ್ತದೆ. ನೂಲಿನ ತುದಿಯನ್ನು ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ರೀಲಿನಿಂದ ನೇರವಾಗಿ, ನಿಧಾನವಾಗಿ ಎಳೆದು, ಜಾರುತ್ತಿರುವಾಗ ಮುಳ್ಳು 1.1ರಲ್ಲಿ ನಿಲ್ಲುವಂತೆ ಹೊಂದಿಸಿ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಳೆದು, ಜಾರಲು ಆರಂಭಿಸುವ ಕ್ಷಣದಲ್ಲಿ ಮುಳ್ಳು ಎಲ್ಲಿಯವರೆಗೆ ಹಾರುತ್ತದೆ ಎಂದು ನೋಡಿ. ಒಳ್ಳೆಯ ರೀಲಿನಲ್ಲಿ ಆ ಹಾರಾಟ ಕಣ್ಣಿಗೆ ಕಾಣದಷ್ಟು ಸಣ್ಣದು. ಕೆಟ್ಟ ರೀಲಿನಲ್ಲಿ ನೂಲು ತುಕ್ಕು ಹಿಡಿದ ಬಾವಿ ರಾಟೆಯ ಹಗ್ಗದಂತೆ ತಡೆತಡೆದು, ಜಿಗಿಜಿಗಿದು ಬರುತ್ತದೆ. ಅದೇ ಪರೀಕ್ಷೆಯನ್ನು ಕೋಲಿನ ಉಂಗುರಗಳ ಮೂಲಕ ನೂಲು ಹಾಯಿಸಿ, ಕೋಲನ್ನು ಬಾಗಿಸಿ ಮಾಡಿದರೆ ಅಂಕೆ ಇನ್ನೂ ಮೇಲೆ ಹೋಗುತ್ತದೆ, ಮೀನು ಅನುಭವಿಸುವುದು ಆ ಅಂಕೆಯನ್ನೇ. ಚಿಕ್ಕ ಅಂಗಡಿಯ ತಕ್ಕಡಿ ಸ್ವಲ್ಪ ತಪ್ಪು ತೋರಿಸಿದರೂ ಚಿಂತೆಯಿಲ್ಲ. ಎಲ್ಲ ರೀಲುಗಳಿಗೂ ಅದೇ ತಕ್ಕಡಿಯನ್ನು ಬಳಸಿದರೆ ಹೋಲಿಕೆ ಕೆಡುವುದಿಲ್ಲ.

ಮೀನು ನೂಲೆಳೆಯುತ್ತಿರುವಾಗ ಹಿಡಿಕೆಯನ್ನು ತಿರುಗಿಸಬಾರದು. ಉರುಳೆ ಜಾರುತ್ತಿರುವಾಗ ತಲೆಯನ್ನು ತಿರುಗಿಸಿದರೆ ನೂಲು ಒಳಬರುವುದಿಲ್ಲ, ಪ್ರತಿ ಸುತ್ತಿಗೂ ಹುರಿಯೇರುತ್ತದೆ, ಮುಂದಿನ ಎಸೆತದಲ್ಲಿ ಅದು ಮುಚ್ಚಳದೊಳಗೆ ಗಂಟಾಗುತ್ತದೆ. ಪರೀಕ್ಷೆಯ ನಡುವೆ ಈ ತಪ್ಪಾದರೆ ನೂಲನ್ನು ಗದ್ದೆಯ ಉದ್ದಕ್ಕೆ ಬಿಚ್ಚಿ, ತುದಿಯನ್ನು ಬಿಡಿಯಾಗಿ ಬಿಟ್ಟು, ಎಳೆದುಕೊಂಡು ನಡೆದು, ಹುರಿ ಬಿಡಿಸಿ ಮುಂದುವರಿಯಬೇಕು.

ಎಸೆತ

ಕೊಯ್ಲಾದ ಗದ್ದೆಯೋ ಶಾಲೆಯ ಮೈದಾನವೋ ಎಸೆತವನ್ನು ಅಳೆಯಲು ಹೊಳೆಗಿಂತ ಉತ್ತಮ. ಗಾಳದ ಬದಲು 10 ಗ್ರಾಮಿನ ಸೀಸದ ಗುಂಡು ಕಟ್ಟಿ, ಒಂದು ರೀಲಿನಿಂದ ಎಲ್ಲ ಎಸೆತಗಳನ್ನೂ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು ರೀಲುಗಳನ್ನು ಬದಲಿಸುತ್ತ ಎಸೆಯಬೇಕು, ಇಲ್ಲವಾದರೆ ತೋಳಿನ ದಣಿವೂ ಹೊತ್ತೇರಿದಂತೆ ಬಲವಾಗುವ ಕಡಲ ಗಾಳಿಯೂ ಎರಡನೆಯ ರೀಲಿನ ಲೆಕ್ಕಕ್ಕೆ ಬೀಳುತ್ತವೆ. ಅತಿ ದೂರ ಹೋದದ್ದನ್ನೂ ಅತಿ ಹತ್ತಿರ ಬಿದ್ದದ್ದನ್ನೂ ಬಿಟ್ಟು ನಡುವಿನ ಎಸೆತಗಳನ್ನು ಹೋಲಿಸಿ. ಒಂದು ಎಚ್ಚರಿಕೆ: ದೂರದ ಅಂತರ ಮೂರು ನಾಲ್ಕು ಹೆಜ್ಜೆಗಳಷ್ಟೇ ಆಗಿದ್ದರೆ ಅದನ್ನು ಮರೆಯಬಹುದು. ತೋಡಿಗೆ ಹಾಕಿದ ಕಟ್ಟದ ಹಿಂದೆ ನಿಂತ ನೀರಿನಲ್ಲಿ, ಮದಕದಲ್ಲಿ, ಅಡಿಕೆ ತೋಟದ ಬದಿಯ ಕೆರೆಯಲ್ಲಿ ಮಡೆಂಜಿ ಹುಡುಕುವವರಿಗೆ ಹದಿನೈದು ಮೀಟರಿಗಿಂತ ದೂರ ಎಸೆಯುವ ಅಗತ್ಯ ಬೀಳುವುದೇ ಅಪರೂಪ.

ಗುರಿಯ ಪರೀಕ್ಷೆಗೆ ಹೆಚ್ಚು ಬೆಲೆ ಕೊಡಬೇಕು. ಹತ್ತು ಮೀಟರು ದೂರದಲ್ಲಿ ಒಂದು ಅಗಲ ಬಾಲ್ದಿಯಿಟ್ಟು ಎಸೆಯಿರಿ. ಗುಂಡು ಹಾರುತ್ತಿರುವಾಗ ನೂಲನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಾಯಿಸಿಕೊಂಡು ವೇಗ ತಗ್ಗಿಸಲು ಪ್ರಯತ್ನಿಸಿ. ಮೂತಿಗೂ ಕೋಲಿನ ಮೊದಲ ಉಂಗುರಕ್ಕೂ ನಡುವೆ ಬೆರಳು ಆಡಿಸಲು ಜಾಗವಿದೆಯೇ, ರೀಲಿನ ಎತ್ತರದಿಂದಾಗಿ ಎಡಗೈ ಅಡ್ಡವಾಗುತ್ತದೆಯೇ ಎಂಬುದು ಇಲ್ಲಿ ತಿಳಿಯುತ್ತದೆ. ನೂಲನ್ನು ಹೀಗೆ ಬೆರಳುಗಳ ನಡುವೆ ಹಿಡಿದುಕೊಂಡೇ ಸುತ್ತಲು ಆರಂಭಿಸುವ ಅಭ್ಯಾಸದಿಂದ ಎರಡು ಲಾಭಗಳಿವೆ: ಸಡಿಲ ಸುತ್ತುಗಳು ಉರುಳೆಗೆ ಸೇರುವುದಿಲ್ಲ, ಮತ್ತು ಕರಿಮೀನಿನಂತಹ ನಾಜೂಕಾಗಿ ಕಚ್ಚುವ ಮೀನಿನ ಸುಳಿವು ಕೋಲಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಸ್ಪಿನ್‌ಕಾಸ್ಟ್ ರೀಲಿನಲ್ಲಿ ಸೂಕ್ಷ್ಮ ತಿಳಿಯುವುದಿಲ್ಲ ಎಂಬ ದೂರನ್ನು ನಾನು ಪೂರ್ತಿ ಒಪ್ಪದಿರುವುದು ಈ ಕಾರಣಕ್ಕೆ.

ಉಪ್ಪುನೀರಿನ ಪ್ರಶ್ನೆ

ಇದುವರೆಗಿನ ಪರೀಕ್ಷೆಗಳು ಹೊಸ ರೀಲಿನವು. ಚಂದ್ರಗಿರಿ, ಮೊಗ್ರಾಲ್, ಶಿರಿಯಾ, ಉಪ್ಪಳ ಹೊಳೆಗಳ ಅಳಿವೆಯ ಕಡೆಯಲ್ಲಿ, ಮಳೆಗಾಲ ಕಳೆದ ಮೇಲೆ, ಭರತದ ನೀರು ಉಪ್ಪನ್ನು ಒಳನಾಡಿನತ್ತ ಬಹುದೂರ ತರುತ್ತದೆ. ಮುಚ್ಚಳದೊಳಗೆ ಸೇರಿದ ಉಪ್ಪುನೀರು ತೆರೆದ ರೀಲಿನಲ್ಲಿ ಒಣಗುವಂತೆ ಒಣಗುವುದಿಲ್ಲ. ಮರಳನ್ನು ಹೊರಗಿಡುವ ಮುಚ್ಚಳವೇ ತೇವವನ್ನು ಒಳಗಿಡುತ್ತದೆ. ಆದ್ದರಿಂದ ಅಳಿವೆಯಲ್ಲಿ ಬಳಸುವವರು ಹೋಲಿಕೆಯ ಪಟ್ಟಿಗೆ ಇನ್ನೊಂದನ್ನು ಸೇರಿಸಬೇಕು: ಮುಚ್ಚಳವನ್ನು ಒದ್ದೆ ಕೈಯಿಂದ, ಸಲಕರಣೆಯಿಲ್ಲದೆ, ಎಷ್ಟು ಸುಲಭವಾಗಿ ತೆಗೆದು ಹಾಕಬಹುದು, ಒಳಗಿನ ತಿರುಪುಗಳು ಅಯಸ್ಕಾಂತಕ್ಕೆ ಎಷ್ಟು ಗಟ್ಟಿಯಾಗಿ ಅಂಟುತ್ತವೆ. ಬಲವಾಗಿ ಅಂಟುವ ಸಾದಾ ಉಕ್ಕಿನ ತಿರುಪು ಬೇಗ ತುಕ್ಕು ಹಿಡಿಯುವ ಸಂಭವ ಹೆಚ್ಚು.

ಪ್ರತಿ ಬಾರಿಯೂ ಮನೆಗೆ ಬಂದೊಡನೆ ಮುಚ್ಚಳ ತೆಗೆದು, ಸಿಹಿನೀರಿನ ತೆಳು ಧಾರೆಯಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಪಿನ್ನಿಗೂ ಗುಂಡಿಯ ಕೀಲಿಗೂ ಒಂದೊಂದು ಹನಿ ಎಣ್ಣೆ ಬಿಡಬೇಕು. ಬಾಲ್ದಿಯಲ್ಲಿ ಮುಳುಗಿಸಿಡಬಾರದು, ಗ್ರೀಸಿನೊಳಗೆ ನೀರು ಸೇರುತ್ತದೆ. ಅಡುಗೆಯ ತೆಂಗಿನೆಣ್ಣೆಯನ್ನು ದಯವಿಟ್ಟು ಬಳಸಬೇಡಿ. ಅದು ಕ್ರಮೇಣ ಜಿಗುಟಾಗಿ ಪಿನ್ನು ಹೊರಬರುವುದನ್ನೇ ತಡೆಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸಾಕು.

ಎಲ್ಲಿಗೆ ಯಾವುದು

ಮಕ್ಕಳಿಗೆ, ಹೊಸಬರಿಗೆ, ರಾತ್ರಿ ದೋಣಿಯಲ್ಲಿ ಕೂತು ಕತ್ತಲಲ್ಲಿ ಎಸೆಯುವವರಿಗೆ, ಕಂಡಲ್ (ಮ್ಯಾಂಗ್ರೋವ್) ಗಿಡಗಳ ಕೆಳಗೆ ಬಗ್ಗಿ ಗಾಳ ತೂರಿಸುವವರಿಗೆ ಗುಂಡಿಯ ರೀಲು ನಿಜವಾಗಿ ಅನುಕೂಲ. ಅವರು ಹಗುರವಾದ ಗುಂಡಿ, ಎರಡು ಪಿನ್ನುಗಳು, ಸುಲಭವಾಗಿ ತೆರೆಯುವ ಮುಚ್ಚಳ ಇವುಗಳಿಗೆ ಅಂಕ ಕೊಡಲಿ, ವೇಗಕ್ಕೆ ಬೇಡ. ಸಿಹಿನೀರಿನಲ್ಲಿ ಮಡೆಂಜಿ ಹಿಡಿಯುವವರು ಬೇಗ ಹಿಡಿಯುವ ಪಿನ್ನು, ಹಿಂದಕ್ಕೆ ಅಲುಗದ ಹಿಡಿಕೆ ಮತ್ತು ಲೋಹದ ಗಿಯರನ್ನು ನೋಡಬೇಕು. ಅಳಿವೆಯ ಚೆಂಬಲ್ಲಿ ಮತ್ತು ಕಾಳಾಂಜಿಯ ವಿಷಯ ಬೇರೆ: ಗಾಳ ಕಚ್ಚಿದೊಡನೆ ಬೇರುಗಳ ಅಥವಾ ಕಲ್ಲುಗಳ ನಡುವೆ ನುಗ್ಗುವ ಈ ಮೀನುಗಳನ್ನು ತಡೆಯಲು ಬೇಕಾದ ನೂಲಿನ ದಪ್ಪವೂ ಡ್ರ್ಯಾಗಿನ ಬಲವೂ ಸಾಮಾನ್ಯ ಸ್ಪಿನ್‌ಕಾಸ್ಟ್ ರೀಲಿನಲ್ಲಿ ಇರುವುದಿಲ್ಲ. ಅಲ್ಲಿಗೆ ದೊಡ್ಡ ಸ್ಪಿನ್ನಿಂಗ್ ರೀಲನ್ನೇ ಒಯ್ಯಬೇಕು.

ಆಯ್ಕೆ ಮಾಡಿದ ರೀಲನ್ನು ಕೆಲವು ವಾರ ಬಳಸಿದ ಮೇಲೆ ಡ್ರ್ಯಾಗ್, ಪಿನ್ನು ಮತ್ತು ಮೂತಿಯ ಹತ್ತಿ ಪರೀಕ್ಷೆಗಳನ್ನು ಅದೇ ತಕ್ಕಡಿಯಿಂದ, ಅದೇ ನೂಲಿನಿಂದ ಮತ್ತೊಮ್ಮೆ ಮಾಡಿ, ಮೊದಲು ಬರೆದಿಟ್ಟ ಅಂಕೆಗಳ ಪಕ್ಕದಲ್ಲಿಯೇ ಬರೆದುಕೊಳ್ಳಬೇಕು. ಪಿನ್ನಿನ ಮೇಲೆ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಪಿನ್ನನ್ನೋ, ಅದು ಬಿಡಿಯಾಗಿ ಸಿಗದಿದ್ದರೆ ಇಡೀ ತಿರುಗುತಲೆಯನ್ನೋ ಬದಲಿಸಬೇಕು. ಆ ಬಿಡಿಭಾಗ ತರಿಸಿಕೊಳ್ಳಲು ಸಾಧ್ಯವೇ ಎಂಬುದನ್ನು ರೀಲು ಕೊಳ್ಳುವ ಮೊದಲೇ ಮಾರುವವರಲ್ಲಿ ಕೇಳಿಟ್ಟುಕೊಂಡಿರಬೇಕು.